ಹೋರಿಯ ಬೆಲೆ

ಬೆಲೆ ಕೇಳುವುದು ಯಾರಿಗೂ ಕಷ್ಟವಲ್ಲ; ಬೆಲೆ ಕಟ್ಟುವುದು ಮಾತ್ರ ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಪೇಟೆಯಲ್ಲಿ ಸೀರೆಯನ್ನೋ ಗಡಿಯಾರವನ್ನೋ ಕೊಳ್ಳುವವರಿಗೆ ಬೆಲೆಯ ಚೀಟಿ ಕಣ್ಣೆದುರಿಗೇ ಇರುತ್ತದೆ. ಹೆಚ್ಚೆಂದರೆ ನಾಲ್ಕು ರೂಪಾಯಿ ಚೌಕಾಸಿ ಮಾಡಿದರೆ ವ್ಯವಹಾರ ಮುಗಿಯಿತು. ಆದರೆ ನಾಲ್ಕು ಕಾಲಿನ ಮೇಲೆ ನಿಂತು, ಬಾಲ ಬೀಸುತ್ತ, ಎದುರಿಗೆ ಬಂದವನನ್ನು ತಾನೂ ಓರೆಗಣ್ಣಿನಿಂದ ಅಳೆಯುತ್ತಿರುವ ಒಂದು ಜೀವಕ್ಕೆ ಬೆಲೆ ಕಟ್ಟುವುದು ಹೇಗೆ? ಅದರ ಮೈಮೇಲೆ ಚೀಟಿಯಿಲ್ಲ. ಇರುವುದೆಲ್ಲ ಕೊಂಬು, ಹಲ್ಲು, ಗೊರಸು, ಚರ್ಮ ಮತ್ತು ನಡೆ. ಅವನ್ನು ಓದಬಲ್ಲವನು ಗೆದ್ದ. ಓದಲಾರದವನು ಮನೆಗೆ ಹೋಗಿ ಹೆಂಡತಿಯ ಎದುರಿಗೆ ಸೋತ.

ಈ ಪ್ರಶ್ನೆ ಈಗ ಹಳ್ಳಿಯ ರೈತನದು ಮಾತ್ರವಾಗಿ ಉಳಿದಿಲ್ಲವೆಂಬುದು ಒಂದು ವಿನೋದ. ಪಟ್ಟಣದ ಮನೆಯಲ್ಲಿ ಮೊಬೈಲ್ ಹಿಡಿದು ಕುಳಿತ ಹತ್ತು ವರ್ಷದ ಬಾಲಕನೂ ದಿನವೂ ಇದನ್ನೇ ಬಿಡಿಸುತ್ತಿರುತ್ತಾನೆ. ಅವನ ಮುಂದಿರುವುದು ಹೋರಿಯಲ್ಲ, ಬೆಂಕಿಯುಗುಳುವ ಡ್ರ್ಯಾಗನ್. ಎರಡನ್ನು ಜೊತೆಗೂಡಿಸಿ ಮೊಟ್ಟೆ ಪಡೆದು, ಮರಿ ಮಾಡಿಸಿ, ಮೇವು ಹಾಕಿ ಬೆಳೆಸಿ, ಕಾಳಗಕ್ಕೆ ಬಿಡುವ ಆಟ ಅದು. “ಇದು ಇಟ್ಟುಕೊಳ್ಳತಕ್ಕದ್ದೋ, ಬಿಡತಕ್ಕದ್ದೋ?” ಎಂದು ಅವನು ಗೆಳೆಯರೊಡನೆ ನಡೆಸುವ ಚರ್ಚೆಯನ್ನು ಕೇಳಿದರೆ, ದನಗಳ ಜಾತ್ರೆಯಲ್ಲಿ ಹುಣಿಸೆಮರದ ನೆರಳಿನಲ್ಲಿ ಕುಳಿತ ಹಿರಿಯರ ಮಾತೇ ನೆನಪಾಗುತ್ತದೆ. ಎರಡು ಕಡೆಯೂ ಪರೀಕ್ಷೆ ಒಂದೇ ತೆರನಾಗಿ ಕಂಡರೂ, ಅಳತೆಗೋಲು ಒಂದೇ ಅಲ್ಲ. ಆ ವ್ಯತ್ಯಾಸವನ್ನು ಅರಿಯಲು ಮೊದಲು ಜಾತ್ರೆಗೆ ಹೋಗುವುದೇ ಮೇಲು.

ನಾಲ್ಕು ತಾಲ್ಲೂಕುಗಳ ನೆಲ

ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದ ಕಡೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಏಕಶಿಲೆಯ ಬೆಟ್ಟ ಮಧುಗಿರಿಗೆ ಹೆಸರು ತಂದಿದೆ. ಮೊಗಲರ ಸುಬೆಯ ರಾಜಧಾನಿಯಾಗಿದ್ದ ಹಿರಿಮೆ ಶಿರಾಕ್ಕಿದೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಹೊಳೆ ಕೊರಟಗೆರೆ ಮಧುಗಿರಿಗಳ ಸೀಮೆಯಲ್ಲಿ ಹರಿಯುತ್ತದೆ. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಒಣ ಸೀಮೆ. ನಾಲ್ಕಕ್ಕೂ ಸಮಾನವಾದುದು ಒಂದಿದೆ: ಮಳೆಯನ್ನು ನಂಬಿದ ಕೆಂಪು ಮಣ್ಣಿನ ಹೊಲ. ರಾಗಿ, ಕಡಲೆಕಾಯಿ, ತೊಗರಿ ಇಲ್ಲಿಯ ಬೆಳೆಗಳು. ಹದಮಳೆ ಬಿದ್ದಾಗ ಎರಡು ಮೂರು ದಿನಗಳೊಳಗಾಗಿ ಬಿತ್ತನೆ ಮುಗಿಸದಿದ್ದರೆ ತೇವ ಆರಿಹೋಗುತ್ತದೆ. ಆದುದರಿಂದ ಇಲ್ಲಿಯ ರೈತನಿಗೆ ಬೇಕಾದುದು ಕೆಸರಿನಲ್ಲಿ ನಿಧಾನವಾಗಿ ಎಳೆಯುವ ದೈತ್ಯನಲ್ಲ. ಒಣ ಹೊಲದಲ್ಲಿ ಚುರುಕಾಗಿ, ದಣಿಯದೆ, ನೇರವಾಗಿ ನಡೆಯುವ ಎತ್ತು.

ಆ ನಡೆಗೆ ಹೇಳಿ ಮಾಡಿಸಿದ ತಳಿಯೇ ಹಳ್ಳಿಕಾರ್. ತುಮಕೂರು, ಹಾಸನ, ಮಂಡ್ಯ, ಮೈಸೂರು, ಬೆಂಗಳೂರಿನ ಸುತ್ತಿನ ಜಿಲ್ಲೆಗಳು ಇದರ ತವರು. ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಇದಕ್ಕಾಗಿಯೇ ಸರ್ಕಾರದ ತಳಿ ಸಂವರ್ಧನ ಕೇಂದ್ರವಿದೆ. ಭಾರತದ ಅಂಚೆ ಇಲಾಖೆ ೨೦೦೦ದಲ್ಲಿ ದೇಶೀಯ ಗೋತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಗಿರ್, ಕಾಂಕ್ರೇಜ್, ಕಂಗಾಯಂ ತಳಿಗಳೊಡನೆ ಹಳ್ಳಿಕಾರ್‌ಗೂ ಸ್ಥಾನ ದೊರೆಯಿತು. ಹಾಲಿನ ವಿಷಯದಲ್ಲಿ ಇದು ಕೈಬಿಗಿ. ಇದರ ಕೀರ್ತಿಯೆಲ್ಲ ನೊಗಕ್ಕೆ ಸೇರಿದ್ದು.

ಮೈಯೆಂಬ ಪುಸ್ತಕ

ಮಾಘಮಾಸದಿಂದ ಮೊದಲ್ಗೊಂಡು ಯುಗಾದಿಯ ಹೊತ್ತಿನವರೆಗೆ ಈ ಸೀಮೆಯಲ್ಲಿ ಜಾತ್ರೆಗಳ ಕಾಲ. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ, ಮಧುಗಿರಿಯ ದಂಡಿನ ಮಾರಮ್ಮ, ತುಮಕೂರಿನ ಪಕ್ಕದ ಸಿದ್ಧಗಂಗೆ, ಹೀಗೆ ದೇವರ ಹೆಸರಿನಲ್ಲಿ ದನಗಳೂ ಕೂಡುತ್ತವೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ, ಮುಂಗಾರಿಗೆ ಇನ್ನೂ ಬಿಡುವಿರುವ ಸಮಯವಾದುದರಿಂದ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಬಲ್ಲವನು ಮೊದಲು ಹೋರಿಯ ಬಳಿಗೆ ಹೋಗುವುದಿಲ್ಲ; ದೂರದಲ್ಲಿ ನಿಲ್ಲುತ್ತಾನೆ. ದೂರದಿಂದ ಕಾಣುವುದು ಆಕಾರ. ಹಳ್ಳಿಕಾರ್‌ನ ಮುಖ ನೀಳವಾಗಿ ಮೂತಿಯ ಕಡೆಗೆ ಸಣ್ಣಗಾಗುತ್ತದೆ. ಉಬ್ಬಿದ ಹಣೆಯ ನಡುವೆ ಒಂದು ಗೀರಿನಂಥ ತಗ್ಗು. ಕೊಂಬುಗಳು ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರದಲ್ಲಿಯೇ ಹುಟ್ಟಿ, ಅರ್ಧದವರೆಗೆ ನೆಟ್ಟಗೆ ಹಿಂದಕ್ಕೆ ಸಾಗಿ, ಬಳಿಕ ಮೆಲ್ಲನೆ ಮುಂದಕ್ಕೆ ಬಾಗಿ ಚೂಪಾಗಿ ಮುಗಿಯುತ್ತವೆ. ಬಣ್ಣ ಬೂದಿಯಿಂದ ಕಡುಬೂದಿಯವರೆಗೆ. ಕಿವಿ ಸಣ್ಣದು; ಗಂಗೆದೊಗಲು ತೆಳು; ಹಿಣಿಲು ಮಿತವಾದದ್ದು; ಚರ್ಮ ಮೈಗೆ ಅಂಟಿಕೊಂಡಂತೆ ಬಿಗಿ. ಜೋಲುವ ಚರ್ಮ, ದಪ್ಪ ಮೂಳೆ, ಮಂಕು ಕಣ್ಣು ಇವು ಬೇರೆ ರಕ್ತದ ಅಥವಾ ಸೋಮಾರಿತನದ ಗುರುತುಗಳೆಂದು ಹಿರಿಯರು ತಲೆಯಾಡಿಸುತ್ತಾರೆ.

ಎರಡನೆಯದು ಹಲ್ಲು. ದನದ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗೆ ಎಂಟು. ಕರುವಿನ ಹಾಲುಹಲ್ಲು ಎರಡು ವರ್ಷದ ಸುಮಾರಿಗೆ ನಡುವಿನಿಂದ ಜೋಡಿಯಾಗಿ ಬೀಳತೊಡಗಿ ದೊಡ್ಡ ಹಲ್ಲು ಬರುತ್ತದೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸುತ್ತ ನಾಲ್ಕೂವರೆ ಐದು ವರ್ಷಕ್ಕೆ ಎಂಟೂ ತುಂಬಿದಾಗ “ಬಾಯಿಗೂಡಿತು” ಎನ್ನುತ್ತಾರೆ. ಅಲ್ಲಿಂದ ಮುಂದೆ ಲೆಕ್ಕ ಸವೆತದ್ದು. ಜನನಪತ್ರವಿಲ್ಲದ ಲೋಕದಲ್ಲಿ ಇದೇ ಜನನಪತ್ರ. ದಾನವಾಗಿ ಬಂದ ಹಸುವಿನ ಹಲ್ಲನ್ನು ಎಣಿಸಬಾರದೆಂಬ ಮಾತು ನಮ್ಮಲ್ಲಿದೆ. ದುಡ್ಡು ಕೊಟ್ಟು ಕೊಳ್ಳುವ ಎತ್ತಿನದನ್ನು ಮಾತ್ರ ಎರಡು ಸಲ ಎಣಿಸಿದರೂ ತಪ್ಪಿಲ್ಲ.

ಮೂರನೆಯದು ಸುಳಿ. ಹಣೆ, ಬೆನ್ನು, ಹಿಣಿಲು, ಪಕ್ಕೆಗಳಲ್ಲಿ ಕೂದಲು ಸುತ್ತಿಕೊಂಡು ಹುಟ್ಟಿದ ಸುಳಿಗಳಿಗೆ ಒಂದೊಂದು ಹೆಸರು, ಒಂದೊಂದು ಫಲ. ಒಂದು ಸುಳಿ ಮನೆಗೆ ಭಾಗ್ಯ ತರುತ್ತದೆ. ಇನ್ನೊಂದು ಯಜಮಾನನನ್ನು ಸಾಲಕ್ಕೆ ದೂಡುತ್ತದೆ. “ಸುಳಿ ಶುದ್ಧ” ಎಂಬ ಮಾತು ಮಾರುವವನ ಬಾಯಲ್ಲಿ ಮೊದಲು ಬರುತ್ತದೆ. ಈ ನಂಬಿಕೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗೋಲಕ್ಷಣಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕೋಳಿ, ಆಡು, ಕುದುರೆ, ಆನೆಗಳ ಲಕ್ಷಣಗಳೂ ಅಲ್ಲಿವೆ. ಸುಳಿಗೂ ಎಳೆಯುವ ಶಕ್ತಿಗೂ ಸಂಬಂಧವಿದೆಯೆಂದು ಪಶುವೈದ್ಯರು ಒಪ್ಪುವುದಿಲ್ಲ. ಆದರೂ ವ್ಯಾಪಾರದಲ್ಲಿ ಅದಕ್ಕೆ ನಿಜವಾದ ಬೆಲೆಯುಂಟು; ಏಕೆಂದರೆ ನಾಳೆ ಅದೇ ಎತ್ತನ್ನು ಮಾರಹೊರಟಾಗ ಕೊಳ್ಳುವವನು ಸುಳಿ ನೋಡಿಯೇ ನೋಡುತ್ತಾನೆ. ತಾನು ನಂಬದಿದ್ದರೂ ಇತರರು ನಂಬುವುದಕ್ಕೆ ಹಣ ಕೊಡಬೇಕಾದ ವಿಚಿತ್ರ ಇದು. ಈ ವಿಚಿತ್ರವನ್ನು ಓದುಗರು ಜ್ಞಾಪಕದಲ್ಲಿಡಬೇಕು. ಮುಂದೆ ಡ್ರ್ಯಾಗನ್‌ಗಳ ಮಾತು ಬಂದಾಗ ಇದರಿಂದ ಉಪಯೋಗವಿದೆ.

ನಾಲ್ಕನೆಯದೂ ಮುಖ್ಯವಾದುದೂ ನಡೆ. ನಿಂತ ಹೋರಿ ಸುಳ್ಳು ಹೇಳಬಹುದು; ನಡೆಯುವ ಹೋರಿ ಹೇಳಲಾರದು. ಮಾರುವವನು ಕೊಂಬನ್ನು ಹೆರೆದು ಎಣ್ಣೆ ಹಚ್ಚಬಹುದು. ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ದುಂಡಗೆ ಮಾಡಬಹುದು. ಕೊರಳಿಗೆ ಗೆಜ್ಜೆ, ಕೊಂಬಿಗೆ ಹಿತ್ತಾಳೆಯ ಕಳಸ ತೊಡಿಸಬಹುದು. ಆದರೆ ಮರಳಿನ ಮೇಲೆ ನಾಲ್ಕು ಮಾರು ನಡೆಸಿದರೆ ಗುಟ್ಟು ರಟ್ಟಾಗುತ್ತದೆ. ಮುಂಗಾಲಿನ ಗೊರಸು ಊರಿದ ಜಾಗದಲ್ಲಿ, ಅಥವಾ ಅದನ್ನೂ ದಾಟಿ ಹಿಂಗಾಲು ಬೀಳಬೇಕು. ಅದು ಉದ್ದ ಹೆಜ್ಜೆಯ ಗುರುತು. ಹಿಂಗಾಲಿನ ಕೀಲುಗಳು ಒಂದಕ್ಕೊಂದು ತಾಗಬಾರದು. ಗೊರಸು ಕಪ್ಪಗೆ, ಗಟ್ಟಿಯಾಗಿ, ಬಿರುಕು ಕಡಮೆಯಾಗಿರಬೇಕು. ಹೆಗಲಿನ ಮೇಲೆ ಕೈಯಾಡಿಸಿದರೆ ಹಳೆಯ ನೊಗದ ಹುಣ್ಣು ಕೈಗೆ ತಿಳಿಯುತ್ತದೆ.

ಇಷ್ಟಾದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ. ಅದು ಜೋಡಿಯದು. ಒಂಟಿ ಎತ್ತಿಗೆ ಬೆಲೆಯೇ ಇಲ್ಲವೆಂದರೂ ಸಲ್ಲುತ್ತದೆ. ಎತ್ತರ, ವಯಸ್ಸು, ಬಣ್ಣ, ಕೊಂಬಿನ ಬಾಗು ಇವೆಲ್ಲ ಹೊಂದಬೇಕು. ಅದಕ್ಕಿಂತ ಹೆಚ್ಚಾಗಿ ಹೆಜ್ಜೆ ಹೊಂದಬೇಕು. ಕೂರಿಗೆಯಲ್ಲಿ ಕಡಲೆಕಾಯಿಯನ್ನೋ ರಾಗಿಯನ್ನೋ ಬಿತ್ತುವಾಗ ಒಂದು ಎತ್ತು ಚುರುಕು, ಇನ್ನೊಂದು ಮಂದವಾದರೆ ಸಾಲು ಡೊಂಕಾಗುತ್ತದೆ. ಸಾಲು ಡೊಂಕಾದರೆ ಮುಂದೆ ಎಡೆಕುಂಟೆ ಹೊಡೆಯುವಾಗ ಪೈರೇ ಕಿತ್ತುಹೋಗುತ್ತದೆ. “ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು” ಎಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ. ಆದಕಾರಣ ಜಾಣ ರೈತ ಅತ್ಯುತ್ತಮವಾದ ಒಂದು ಹೋರಿಯನ್ನು ಹುಡುಕುವುದಿಲ್ಲ. ತನ್ನ ಕೊಟ್ಟಿಗೆಯಲ್ಲಿರುವ ಹೋರಿಗೆ ಒಪ್ಪುವುದನ್ನು ಹುಡುಕುತ್ತಾನೆ. ಅನೇಕ ಮನೆಗಳಲ್ಲಿ ಎಳೆಯ ಕರುಗಳನ್ನೇ ಜೋಡಿ ಕೂಡಿಸಿ ತಂದು, ವರ್ಷವೊಪ್ಪತ್ತು ಸಾಕಿ, ಪಳಗಿಸಿ, ಮರುಜಾತ್ರೆಯಲ್ಲಿ ಮಾರಿ, ಬಂದ ಲಾಭದಲ್ಲಿ ಮತ್ತೊಂದು ಜೋಡಿ ಕಟ್ಟುತ್ತಾರೆ. ಮಗಳ ಮದುವೆಯ ಖರ್ಚು, ಮಗನ ಕಾಲೇಜಿನ ಶುಲ್ಕ ಈ ಹಗ್ಗದ ತುದಿಯಲ್ಲಿ ಕಟ್ಟಿಕೊಂಡಿರುತ್ತವೆ.

ಬೆಲೆ ಕುದುರುವ ಗಳಿಗೆ ನೋಡತಕ್ಕದ್ದು. ದಲ್ಲಾಳಿ ತನ್ನ ಮತ್ತು ಗಿರಾಕಿಯ ಕೈಗಳ ಮೇಲೆ ಟವೆಲ್ ಹಾಕುತ್ತಾನೆ. ಒಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಇಷ್ಟು ಸಾವಿರ, ಅರ್ಧ ಮಡಿಸಿದರೆ ಇಷ್ಟು ಎಂದು ಲೆಕ್ಕ. ಸುತ್ತ ನೂರು ಜನ ನೆರೆದಿದ್ದರೂ ಕಿವಿಗೆ ಏನೂ ಬೀಳುವುದಿಲ್ಲ. ಹಾಗೆ ಮರೆಮಾಡುವುದರಲ್ಲಿ ಮೋಸವೂ ಉಂಟು, ಮರ್ಯಾದೆಯೂ ಉಂಟು. ಬರಗಾಲದಲ್ಲಿ ಮೇವಿಲ್ಲದೆ ಮಾರುವವನು ಎಷ್ಟಕ್ಕೆ ಕೊಟ್ಟನೆಂಬುದು ಊರಿಗೆಲ್ಲ ತಿಳಿಯದಿರಲಿ ಎಂಬ ಮರ್ಯಾದೆ ಅದು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂಥ ವರ್ಷ ಹೋರಿಯ ಹಲ್ಲು, ಸುಳಿ, ನಡೆ ಯಾವುದೂ ಬದಲಾಗುವುದಿಲ್ಲ. ಬೆಲೆ ಮಾತ್ರ ಹುಲ್ಲಿನ ಬಣವೆಯ ಜೊತೆಗೆ ಕರಗುತ್ತದೆ. ಬೆಲೆಯೂ ಯೋಗ್ಯತೆಯೂ ಒಂದೇ ಅಲ್ಲವೆಂಬ ಪಾಠವನ್ನು ಬಡ ರೈತನು ಹೀಗೆ ದುಬಾರಿಯಾಗಿ ಕಲಿಯುತ್ತಾನೆ.

ರಾಜ್ಯ ಕಾದ ಎತ್ತು, ಮಾರದ ಎತ್ತು

ಎತ್ತಿನ ನಡೆಯನ್ನು ಅರಸರೂ ತೂಗಿ ನೋಡಿದ್ದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ “ಬೆಣ್ಣೆ ಚಾವಡಿ” ಎಂಬ ಹೆಸರಿನಿಂದ ಅರಮನೆಯ ಗೋಸಂಪತ್ತಿನ ಇಲಾಖೆಯಿತ್ತು. ೧೭೬೧ರಲ್ಲಿ ಶಿರಾದ ನವಾಬಗಿರಿಯನ್ನು ಪಡೆದ ಹೈದರಾಲಿ, ಸೋಲಿಸಿದ ಪಾಳೆಯಗಾರರ ದನಗಳನ್ನು ಸೇರಿಸಿ ಈ ಹಿಂಡನ್ನು ಹೆಚ್ಚಿಸಿದನು. ಟೀಪು ಸುಲ್ತಾನನು ಇದಕ್ಕೆ “ಅಮೃತ ಮಹಲ್” ಎಂದು ಹೆಸರಿಟ್ಟು ಹುಕುಂನಾಮೆ ಹೊರಡಿಸಿದನು. ಹಳ್ಳಿಕಾರ್, ಇದೇ ತುಮಕೂರು ಸೀಮೆಯ ಹಾಗಲವಾಡಿ, ಹಾಗೂ ಚಿತ್ರದುರ್ಗ ಎಂಬ ಮೂರು ಕವಲುಗಳು ಆ ಹಿಂಡಿನಲ್ಲಿ ಕೂಡಿದ್ದುವು. ೧೭೮೧ರಲ್ಲಿ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದಲೇ ಎಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಸೋತಾಗಲೂ ಶತ್ರುವಿನ ಕಣ್ಣೆದುರಿಗೇ ಫಿರಂಗಿಗಳನ್ನು ಎಳೆದೊಯ್ಯುತ್ತಿದ್ದುದೂ ಇವೇ.

೧೭೯೯ರ ನಂತರ ಈ ಸಂಪತ್ತು ಕೈಯಿಂದ ಕೈಗೆ ಹೋಯಿತು. ೧೮೬೦ರಲ್ಲಿ ಮದರಾಸು ಸರ್ಕಾರ ಮಿತವ್ಯಯದ ಹೆಸರಿನಲ್ಲಿ ಹಿಂಡನ್ನೇ ಮಾರಿಬಿಟ್ಟಿತು. ಈಜಿಪ್ಟಿನ ಪಾಷಾನೂ ಕೊಂಡವರಲ್ಲೊಬ್ಬ. ಆರೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ೧೮೬೬ರಲ್ಲಿ ಇಲಾಖೆಯನ್ನು ಮರಳಿ ಸ್ಥಾಪಿಸಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಖರ್ಚಾಗಿ ಕಂಡದ್ದು ಹೊಲದಲ್ಲಿಯೂ ದಂಡಿನಲ್ಲಿಯೂ ಬಂಡವಾಳವಾಗಿತ್ತೆಂಬುದು ಮಾರಿದ ಮೇಲೆ ತಿಳಿಯಿತು. ಮಾರಿದ್ದು ಒಂದು ದಿನದ ಕೆಲಸ. ತಳಿಯನ್ನು ಮತ್ತೆ ಕೂಡಿಸುವುದು ತಲೆಮಾರುಗಳ ಕೆಲಸ.

ಇದೇ ನಾಡಿನಲ್ಲಿ ಬೆಲೆಯೆಂಬ ಮಾತಿಗೇ ಹೊರಗಾದ ದನಗಳೂ ಇವೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆಯಿದೆ. ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ, ದನಗಾಹಿ. ಅವನ ಕತೆಯನ್ನು ಗಣೆಯೆಂಬ ಉದ್ದನೆಯ ಕೊಳಲಿನ ನಾದದೊಡನೆ ಇಂದಿಗೂ ಹಾಡುತ್ತಾರೆ. ಆ ಕತೆಯಲ್ಲಿ ಅವನ ಪ್ರೀತಿಯ ಹೋರಿ ಬಡಮೈಲನಿಗೆ ಮನುಷ್ಯನಿಗೆ ಸಲ್ಲುವ ಸ್ಥಾನವೇ ಇದೆ. ಈ ಸೀಮೆಯಲ್ಲಿಯೂ ನೆರೆಯ ಚಿತ್ರದುರ್ಗದ ಕಡೆಯಲ್ಲಿಯೂ ದೇವರ ಎತ್ತುಗಳನ್ನು ಸಾಕುವ ಪದ್ಧತಿಯಿದೆ. ಅವನ್ನು ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಕಿಲಾರಿಗಳು ಅವನ್ನು ಮೇಯಿಸಿಕೊಂಡು ಅಡವಿಯಿಂದ ಅಡವಿಗೆ ಅಲೆಯುತ್ತಾರೆ. ಕೆಲಸ ಮಾಡದ ಈ ದನಗಳನ್ನು ನಷ್ಟವೆಂದು ತಿಳಿಯಬಾರದು. ಸ್ಥಳೀಯ ರಕ್ತವನ್ನು ಕಲಬೆರಕೆಯಿಲ್ಲದೆ ಕಾಪಾಡಿಕೊಂಡು ಬಂದ ಭಂಡಾರಗಳಲ್ಲಿ ಇವೂ ಒಂದು.

ಮಾಯಾ ಜಾತ್ರೆ

ಈಗ ಬಾಲಕನ ಮೊಬೈಲಿನ ಕಡೆಗೆ ತಿರುಗಬಹುದು. ಇಂಥ ಆಟಗಳಲ್ಲಿ ಪ್ರಸಿದ್ಧವಾದ ‘ಡ್ರ್ಯಾಗನ್ ಸಿಟಿ’ಯನ್ನು ಸ್ಪೇನಿನ ಬಾರ್ಸಿಲೋನಾ ನಗರದ ಸೋಷಿಯಲ್ ಪಾಯಿಂಟ್ ಎಂಬ ಕಂಪೆನಿ ೨೦೧೨ರಲ್ಲಿ ಹೊರತಂದಿತು. ೨೦೧೭ರಲ್ಲಿ ಅಮೆರಿಕದ ಟೇಕ್‌ಟು ಎಂಬ ದೊಡ್ಡ ಕಂಪೆನಿ ಆ ಸಂಸ್ಥೆಯನ್ನೇ ೨೫ ಕೋಟಿ ಡಾಲರಿಗೆ ಕೊಂಡುಕೊಂಡಿತು. ಕಾಗದದ ಮೇಲೂ ಇಲ್ಲದ ಪ್ರಾಣಿಗಳ ಕೊಟ್ಟಿಗೆಗೆ ಅಷ್ಟು ಬೆಲೆ!

ಅಲ್ಲಿಯ ಪರೀಕ್ಷೆಯೂ ಗಹನವಾದುದೇ. ಡ್ರ್ಯಾಗನ್ ಬೆಂಕಿಯದೋ, ಕಡಲಿನದೋ, ಮಂಜಿನದೋ, ಲೋಹದ್ದೋ ನೋಡಬೇಕು. ಒಂದರ ಗುಣ ಇನ್ನೊಂದಕ್ಕೆ ಮದ್ದು. ಅದರ ಏಟಿನ ಬಲವೆಷ್ಟು, ಏಟು ತಡೆಯುವ ಶಕ್ತಿಯೆಷ್ಟು ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅದು ಸಾಮಾನ್ಯವೋ, ವಿರಳವೋ, ಅತಿ ವಿರಳವೋ, ಅದಕ್ಕೂ ಮೇಲಿನ ದಂತಕಥೆಯ ವರ್ಗದ್ದೋ ಎಂಬ ಪಟ್ಟಿ ನೋಡಬೇಕು. ತಂಡ ಕಟ್ಟುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಇಲ್ಲಿಯವರೆಗೆ ಬಾಲಕನು ಮಧುಗಿರಿಯ ರೈತನ ಶಿಷ್ಯನೆಂದೇ ಹೇಳಬಹುದು. ಲಕ್ಷಣ ನೋಡುವುದು, ಹೋಲಿಸುವುದು, ಜೋಡಿ ಕೂಡಿಸುವುದು, ಕಾಯುವುದು ಇವನ್ನು ಅವನು ಆಟದಲ್ಲಿಯೇ ಕಲಿಯುತ್ತಾನೆ. ಈ ಆಟವನ್ನು ಬರಿಯ ಕಾಲಹರಣವೆಂದು ಹಳಿಯುವ ಹಿರಿಯರು ಇಷ್ಟನ್ನಾದರೂ ಒಪ್ಪಬೇಕು.

ವ್ಯತ್ಯಾಸ ಕಾಣುವುದು ಇನ್ನು ಮುಂದೆ. ಹೋರಿಯ ಅಳತೆಗೋಲು ಹೊಲದಲ್ಲಿದೆ. ಅದನ್ನು ಯಾರೂ ರಾತ್ರೋರಾತ್ರಿ ಬದಲಾಯಿಸಲಾರರು. ಡ್ರ್ಯಾಗನ್‌ನ ಅಳತೆಗೋಲು ಕಂಪೆನಿಯ ಕೈಯಲ್ಲಿದೆ. ಅದು ವಿರಳವಾದುದು ಹುಟ್ಟುವುದು ಕಷ್ಟವೆಂಬುದರಿಂದಲ್ಲ. ವಿರಳವಾಗಿರಲಿ ಎಂದು ಒಬ್ಬರು ಬರೆದಿಟ್ಟದ್ದರಿಂದ. ಇಂದು ಅಜೇಯವಾಗಿರುವ ಡ್ರ್ಯಾಗನ್‌ಗಿಂತ ಬಲವಾದುದನ್ನು ಮುಂದಿನ ತಿಂಗಳು ಬಿಡುತ್ತಾರೆ. ನಿನ್ನೆ ಗೆಳೆಯರೆಲ್ಲ ಬೆರಗಾದ ಮರಿ ಮೂಲೆ ಸೇರುತ್ತದೆ. ಹೊಸದು ಬೇಕಾದರೆ ವಾರಗಟ್ಟಲೆ ಕಾಯಬೇಕು, ಅಥವಾ ತಂದೆಯ ಹಣದಿಂದ ರತ್ನಗಳನ್ನು ಕೊಳ್ಳಬೇಕು. ಜಾತ್ರೆಯ ಸುಳಿಯ ವಿಚಿತ್ರವನ್ನು ಇಲ್ಲಿ ನೆನೆಯಬಹುದು: ಇತರರು ನಂಬುತ್ತಾರೆಂಬ ಒಂದೇ ಕಾರಣಕ್ಕೆ ಕೊಡುವ ಹಣ. ಜಾತ್ರೆಯಲ್ಲಿ ಅದು ಬೆಲೆಯ ಒಂದು ಪಾಲು. ಇಲ್ಲಿ ಹೆಚ್ಚುಕಡಮೆ ಪೂರ್ತಿ ಬೆಲೆಯೇ ಅದು. ಮತ್ತೊಂದು ಮಾತು. ರೈತನು ಬೇಡವಾದ ಎತ್ತನ್ನು ಮಾರಿ ಹಣ ಮಾಡಿಕೊಳ್ಳಬಲ್ಲನು. ಬಾಲಕನು ತನ್ನ ಡ್ರ್ಯಾಗನ್ ಅನ್ನು ಆಟದೊಳಗಿನ ಚಿನ್ನಕ್ಕೆ ಕೊಡಬಹುದೇ ಹೊರತು, ಆ ಚಿನ್ನದಿಂದ ಅಂಗಡಿಯಲ್ಲಿ ಒಂದು ಪೆನ್ಸಿಲೂ ಬಾರದು.

ಹೋರಿಯೂ ಡ್ರ್ಯಾಗನ್ ಆದಾಗ

ಇದು ಮಕ್ಕಳ ಆಟದ ಮಾತೆಂದು ಸುಮ್ಮನಿರಬಹುದಾಗಿತ್ತು. ಆದರೆ ಆಟದ ಅಳತೆಗೋಲು ನಿಜವಾದ ಕೊಟ್ಟಿಗೆಯೊಳಗೂ ಕಾಲಿಡುತ್ತಿದೆ, ಯೋಚಿಸಬೇಕಾದುದು ಅದನ್ನೇ.

ಎತ್ತಿನ ಕೆಲಸ ಕಡಮೆಯಾಗುತ್ತಿದೆ. ಉಳುವುದಕ್ಕೆ ಟ್ರ್ಯಾಕ್ಟರ್ ಬಂದಿದೆ. ಪಾವಗಡದ ತಿರುಮಣಿಯ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು ೧೩,೦೦೦ ಎಕರೆ ನೆಲದಲ್ಲಿ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ೨೦೧೮ರಲ್ಲಿ ಅದರ ಉದ್ಘಾಟನೆಯಾಯಿತು. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಬಾಡಿಗೆ ಆರಂಭವಾಯಿತು. ಮಳೆ ಕೈಕೊಡುವ ಸೀಮೆಯಲ್ಲಿ ಇದು ಅನೇಕ ಮನೆಗಳಿಗೆ ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಾಜಿನ ಹಲಗೆಗಳ ಕೆಳಗೆ ಕೂರಿಗೆ ಓಡುವುದಿಲ್ಲ. ಮೇಯಲು ಬಯಲೂ ಉಳಿಯುವುದಿಲ್ಲ.

ಕೆಲಸ ಹೋದಾಗ ಬೆಲೆಯೂ ಹೋಗಬೇಕಾಗಿತ್ತು. ಸಾಧಾರಣ ಎತ್ತಿನ ವಿಷಯದಲ್ಲಿ ಹಾಗೆಯೇ ಆಗುತ್ತಿದೆ. ಆದರೆ ಕೆಲವೇ ಹೋರಿಗಳ ಬೆಲೆ ಆಕಾಶಕ್ಕೇರಿದೆ. ೨೦೨೧ರ ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ಮೇಳದಲ್ಲಿ ಕೃಷ್ಣನೆಂಬ ಮೂರೂವರೆ ವರ್ಷದ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ರೂಪಾಯಿ ಬೆಲೆಯೆಂದು ಪತ್ರಿಕೆಗಳೆಲ್ಲ ಚಿತ್ರ ಸಹಿತ ಬರೆದುವು. ಅದರ ವೀರ್ಯದ ಒಂದು ಕಡ್ಡಿಗೆ ಸಾವಿರ ರೂಪಾಯಿ ಎಂದೂ ಸುದ್ದಿಯಾಯಿತು. ಎತ್ತಿನ ಗಾಡಿಯ ಓಟವೂ ಬೆಲೆಯನ್ನು ಏರಿಸಿದೆ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಪಂದ್ಯಗಳನ್ನು ನಿಷೇಧಿಸಿತ್ತು. ೨೦೧೭ರಲ್ಲಿ ಕರ್ನಾಟಕವು ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶವಾಗುವಂತೆ ಕಾಯಿದೆ ತಿದ್ದಿತು. ೨೦೨೩ರ ಮೇ ೧೮ರಂದು ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೊಲದಲ್ಲಿ ಸ್ಥಾನ ಕಳೆದುಕೊಂಡ ಹೋರಿ ಹೀಗೆ ಅಖಾಡದಲ್ಲಿಯೂ ಮೆರವಣಿಗೆಯಲ್ಲಿಯೂ ಸ್ಥಾನ ಪಡೆಯುತ್ತಿದೆ.

ಇದರಿಂದ ಒಳ್ಳೆಯದೇ ಆಗಿಲ್ಲವೆಂದಲ್ಲ. ಹಳ್ಳಿಕಾರ್ ಎಂಬ ಹೆಸರು ಪಟ್ಟಣದ ಯುವಕರ ಬಾಯಿಗೂ ಬಂದಿದೆ. ತಾತನ ಕಾಲದಲ್ಲಿ ಬರಿದಾದ ಕೊಟ್ಟಿಗೆಗೆ ಮೊಮ್ಮಗ ಮತ್ತೆ ಜೋಡಿ ತರುತ್ತಿದ್ದಾನೆ. ಆದರೆ ಅಪಾಯವೂ ಇದೆ. ಒಂದು ಸಲ ಸಂಗ್ರಹಿಸಿದ ವೀರ್ಯದಿಂದ ನೂರಾರು ಕಡ್ಡಿಗಳಾಗುತ್ತವೆ. ಹೆಸರುವಾಸಿಯಾದ ಒಂದೇ ಹೋರಿ ಸಾವಿರಾರು ಕರುಗಳಿಗೆ ತಂದೆಯಾಗಬಹುದು. ಎಲ್ಲರೂ ಅದೇ ಕೊಂಬು, ಅದೇ ಬಣ್ಣ ಬೇಕೆಂದರೆ ಕೆಲವು ತಲೆಮಾರುಗಳಲ್ಲಿ ಒಂದೇ ರಕ್ತ ಮತ್ತೆ ಮತ್ತೆ ಕೂಡಿ ತಳಿ ಬಡವಾಗುತ್ತದೆ. ಮೊಬೈಲಿನಲ್ಲಿ ಒಂದೇ ಜೋಡಿಯನ್ನು ನೂರು ಸಲ ಕೂಡಿಸಿದರೂ ಡ್ರ್ಯಾಗನ್‌ಗೆ ರೋಗ ತಟ್ಟುವುದಿಲ್ಲ. ಜೀವಂತ ತಳಿಗೆ ತಟ್ಟುತ್ತದೆ. ೨೦೨೨ರಲ್ಲಿ ಚರ್ಮಗಂಟು ರೋಗ ಹರಡಿದಾಗ ಅನೇಕ ಕಡೆ ದನಗಳ ಜಾತ್ರೆಗಳೇ ನಿಂತುಹೋದುವು. ಅಂಥ ಹೊತ್ತಿನಲ್ಲಿ ತಳಿಯನ್ನು ಕಾಯುವುದು ಕೋಟಿ ಬೆಲೆಯ ಒಂದು ಹೋರಿಯಲ್ಲ. ಹಳ್ಳಿಹಳ್ಳಿಯಲ್ಲಿ ಹೆಸರಿಲ್ಲದೆ ನಿಂತ, ಬೇರೆ ಬೇರೆ ರಕ್ತದ ಸಾವಿರ ಹಸುಗಳು.

ಹಾಗಾದರೆ ಹೋರಿಯ ಬೆಲೆಯೆಷ್ಟು? ಹಲ್ಲಿನಲ್ಲಿ ಅದರ ವಯಸ್ಸಿದೆ, ನಡೆಯಲ್ಲಿ ಅದರ ಶಕ್ತಿಯಿದೆ, ಸುಳಿಯಲ್ಲಿ ಜನರ ನಂಬಿಕೆಯಿದೆ, ಟವೆಲಿನ ಕೆಳಗೆ ಆ ದಿನದ ಅಗತ್ಯವಿದೆ. ಇವೆಲ್ಲ ಕೂಡಿ ಒಂದು ಸಂಖ್ಯೆಯಾಗುತ್ತದೆ. ಆ ಸಂಖ್ಯೆಯನ್ನು ಕೇಳಿ ಬೆರಗಾಗುವುದಕ್ಕೆ ಮೊದಲು, “ಇದು 무엇ಕ್ಕೆ?” ಎಂದಲ್ಲ, “ಇದು ಯಾವುದಕ್ಕೆ ಒದಗುತ್ತದೆ?” ಎಂದು ಕೇಳುವುದೇ ಬೆಲೆ ಕಟ್ಟುವ ವಿದ್ಯೆಯ ಮೊದಲ ಪಾಠ. ಮುಂದಿನ ಜಾತ್ರೆಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಂದಿರು ಬಲೂನು, ಬೆಂಡು ಬತ್ತಾಸುಗಳನ್ನು ಕೊಡಿಸಿದ ಮೇಲೆ ಒಂದು ಗಳಿಗೆ ದನಗಳ ಸಾಲಿನ ಕಡೆಗೂ ಹೋಗಿಬರಲಿ. ಎರಡು ಹೋರಿಗಳನ್ನು ಮರಳಿನ ಮೇಲೆ ನಡೆಸಿ ಹಿಂಗಾಲು ಎಲ್ಲಿ ಬೀಳುತ್ತದೆಂದು ಹಿರಿಯ ರೈತರೊಬ್ಬರು ತೋರಿಸಿಕೊಟ್ಟರೆ, ಡ್ರ್ಯಾಗನ್ ಪಳಗಿಸಿದ ಆ ಚುರುಕು ಕಣ್ಣುಗಳು ಅದನ್ನು ಬೇಗನೆ ಹಿಡಿಯುತ್ತವೆ. ವಿದ್ಯೆ ಅವರಲ್ಲಿ ಆಗಲೇ ಅರ್ಧ ಬಂದಿದೆ. ನೆಲವನ್ನು ತೋರಿಸುವುದಷ್ಟೇ ಬಾಕಿ.